ಸಂತೆಯ ಎರಡು ಹೇಂಟೆ, ಮನೆಯ ಮೂವತ್ತು ಕೋಳಿ

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಹಿತ್ತಲಲ್ಲಿ 30 ಕೋಳಿಗಳಿದ್ದವು. ಆರು ಗಿರಿರಾಜ, ಉಳಿದವು ನಾಟಿ. ಯುಗಾದಿಯ ಮರುದಿನ ಕರಿಯ ಬಾಡೂಟಕ್ಕೆಂದು ಸಂತೆಯಿಂದ ಎರಡು ಹೇಂಟೆ ತಂದೆವು. ಮೊಟ್ಟೆ ಇಡುವಂತೆ ಕಂಡಿದ್ದರಿಂದ ಕೊಯ್ಯದೆ ಉಳಿಸಿಕೊಂಡೆವು. ಐದನೆಯ ದಿನ ಅವುಗಳಲ್ಲಿ ಒಂದು ರೆಕ್ಕೆ ಇಳಿಬಿಟ್ಟು ತೂಕಡಿಸುತ್ತ ಕೂತಿತು, ಮರುದಿನ ಸತ್ತಿತು. ಅಲ್ಲಿಂದ ದಿನಕ್ಕೆ ಒಂದೆರಡರಂತೆ ಹೋಗುತ್ತಿವೆ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ. ಔಷಧದ ಅಂಗಡಿಯಲ್ಲಿ ಹಳದಿ ಪುಡಿ ಕೊಟ್ಟರು, ಐದು ದಿನ ನೀರಿಗೆ ಹಾಕಿದೆವು, ಪ್ರಯೋಜನವಾಗಲಿಲ್ಲ. ಈಗ 11 ಉಳಿದಿವೆ, ಎರಡಕ್ಕೆ ಕತ್ತು ತಿರುಚಿಕೊಂಡಿದೆ. ಸಂತೆಯಿಂದ ತಂದ ಇನ್ನೊಂದು ಹೇಂಟೆ ಮಾತ್ರ ಚೆನ್ನಾಗಿಯೇ ಇದೆ. ಇದು ಕೊಕ್ಕರೆ ರೋಗವೋ ಹಕ್ಕಿಜ್ವರವೋ? ಯಾವ ಔಷಧ ಕೊಡಬೇಕು? ಉಳಿದವನ್ನು ಮಾರಿಬಿಡುವುದು ಒಳ್ಳೆಯದೇ? ಒಂದು ಹೇಂಟೆ ಹತ್ತು ಮೊಟ್ಟೆಯ ಮೇಲೆ ಕಾವಿಗೆ ಕೂತಿದೆ, ಅದನ್ನೇನು ಮಾಡಲಿ? ಚಳ್ಳಕೆರೆ ಕಡೆ ಇರುವ ನಮ್ಮ ಅಕ್ಕನ ಮನೆಯ ಕೋಳಿಗಳಿಗೆ ಮುಖದ ಮೇಲೆಲ್ಲ ಗಂಟು ಎದ್ದಿವೆಯಂತೆ. ಅದೂ ಇದೇ ರೋಗವೇ?

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಬೇಕಾದದ್ದೆಲ್ಲ ಇದೆ. ಹೆಚ್ಚಿನವರು 'ಕೋಳಿ ಸಾಯುತ್ತಿವೆ, ಔಷಧ ಹೇಳಿ' ಎಂದಷ್ಟೇ ಬರೆಯುತ್ತಾರೆ. ಯಾವ ಕೋಳಿ ಮೊದಲು ಬಿತ್ತು, ಎಷ್ಟು ದಿನಕ್ಕೆ ಬಿತ್ತು, ಯಾವುದು ಬೀಳಲಿಲ್ಲ ಎಂಬುದನ್ನು ನೀವು ಗಮನಿಸಿದ್ದೀರಿ. ರೋಗ ಗುರುತಿಸುವ ಕೆಲಸದಲ್ಲಿ ಅರ್ಧ ಅದೇ.

ನೀವು ಹೇಳಿದ ಲಕ್ಷಣಗಳು ಕೊಕ್ಕರೆ ರೋಗದ ಕಡೆಗೆ, ಅಂದರೆ ರಾಣಿಖೇತ್ ರೋಗದ ಕಡೆಗೆ ಬೆರಳು ಮಾಡುತ್ತವೆ. ಈ ರೋಗದ ವೈರಾಣು ಮೈ ಸೇರಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಎರಡರಿಂದ ಹದಿನೈದು ದಿನ ಹಿಡಿಯಬಹುದು, ಸಾಮಾನ್ಯವಾಗಿ ಐದಾರು ದಿನ. ನಿಮ್ಮ ಲೆಕ್ಕಕ್ಕೆ ಅದು ಸರಿಯಾಗಿ ಕೂಡುತ್ತದೆ. ನಾಟಿ, ಗಿರಿರಾಜ ಎಂಬ ಭೇದವಿಲ್ಲದೆ, ಹುಂಜ ಹೇಂಟೆ ಎನ್ನದೆ ಎಲ್ಲವೂ ಬಿದ್ದಿವೆ. ಮೊದಲು ತೂಕಡಿಕೆ, ಉಸಿರಾಟದ ತೊಂದರೆ, ಹಸಿರು ಅಥವಾ ಹಸಿರುಮಿಶ್ರಿತ ಬಿಳಿ ಭೇದಿ. ಮೊದಲ ಹೊಡೆತಕ್ಕೆ ಸಾಯದೆ ಉಳಿದವುಗಳಲ್ಲಿ ಕತ್ತು ತಿರುಚಿಕೊಳ್ಳುವುದು, ರೆಕ್ಕೆ ಕಾಲು ಸ್ವಾಧೀನ ತಪ್ಪುವುದು. ವೈರಾಣು ನರಗಳಿಗೆ ಇಳಿದಾಗ ಹೀಗಾಗುತ್ತದೆ. ಕಾಳಿನ ಕಡೆ ಕೊಕ್ಕು ಚಾಚಿದರೆ ತಲೆ ಬೆನ್ನಿನ ಕಡೆಗೆ ತಿರುಗಿಬಿಡುತ್ತದೆ, ಕೋಳಿ ಸುತ್ತು ಹೊಡೆದು ಮಗ್ಗುಲಾಗಿ ಬೀಳುತ್ತದೆ. ಮೊಟ್ಟೆಯಿಡುವ ಹೇಂಟೆಗಳಿದ್ದರೆ ಈ ದಿನಗಳಲ್ಲಿ ಚಿಪ್ಪು ಮೆತ್ತಗಿರುವ, ಸೊಟ್ಟಗಿರುವ ಮೊಟ್ಟೆಗಳನ್ನೂ ನೀವು ಕಂಡಿರಬೇಕು.

ಸಂತೆಯ ಇನ್ನೊಂದು ಹೇಂಟೆ ಚೆನ್ನಾಗಿರುವುದು ವಿಚಿತ್ರವೇನಲ್ಲ. ಅದಕ್ಕೆ ಹಿಂದೆ ಎಲ್ಲೋ ಲಸಿಕೆ ಬಿದ್ದಿರಬಹುದು, ಅಥವಾ ಇದೇ ರೋಗ ಬಂದು ವಾಸಿಯಾಗಿರಬಹುದು. ಅಂಥ ಕೋಳಿ ತಾನು ಗಟ್ಟಿಮುಟ್ಟಾಗಿದ್ದುಕೊಂಡೇ ಹಿಕ್ಕೆಯಲ್ಲಿ ವೈರಾಣು ಹೊರಹಾಕಬಲ್ಲದು. ಹಬ್ಬದ ಹಿಂದಿನ ವಾರಗಳಲ್ಲಿ ಸಂತೆಗೆ ಕೋಳಿ ಹೆಚ್ಚು ಬರುತ್ತದೆ. ಮಾರಿಹಬ್ಬವಿರಲಿ, ಯುಗಾದಿ ಕರಿ ಇರಲಿ, ಎರಡು ವರ್ಷಕ್ಕೊಮ್ಮೆ ಬರುವ ದಾವಣಗೆರೆಯ ದುಗ್ಗಮ್ಮನ ಜಾತ್ರೆ ಇರಲಿ, ಎಲ್ಲವೂ ಬೇಸಿಗೆಯ ಬಾಗಿಲಲ್ಲೇ. ಮನೆಯಲ್ಲಿ ನಾಲ್ಕು ಕೋಳಿ ಸತ್ತ ಕೂಡಲೇ ಉಳಿದವನ್ನು ಬುಟ್ಟಿಗೆ ತುಂಬಿ ಸಂತೆಗೆ ಒಯ್ಯುವವರು ಎಲ್ಲ ಊರಿನಲ್ಲೂ ಇದ್ದಾರೆ. ನಿಮ್ಮ ಮನೆಗೆ ರೋಗ ಬಂದ ದಾರಿ ಬಹುಶಃ ಅದೇ. ಆದ್ದರಿಂದ 'ಮಾರಿಬಿಡಲೇ' ಎಂಬ ಪ್ರಶ್ನೆಗೆ ನನ್ನ ಉತ್ತರ ಖಂಡಿತ ಬೇಡ ಎಂಬುದು. ಒಂದನ್ನೂ ಮಾರಬೇಡಿ, ನೆಂಟರಿಗೂ ಕೊಡಬೇಡಿ.

ಹಳದಿ ಪುಡಿಯ ವಿಷಯ. ನೀವು ಹೇಳಿದ್ದು ಹೆಚ್ಚಾಗಿ ಟೆಟ್ರಾಸೈಕ್ಲಿನ್ ಗುಂಪಿನ ಪುಡಿ ಇರಬೇಕು. ಅದು ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವ ಔಷಧ. ರಾಣಿಖೇತ್ ವೈರಾಣುವಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ಅಂಗಡಿಯವರು ಇನ್ನೊಂದು ಬಣ್ಣದ ಪುಡಿ ಕೊಟ್ಟಿದ್ದರೂ ಫಲ ಇಷ್ಟೇ. ಈ ರೋಗಕ್ಕೆ ಔಷಧವೇ ಇಲ್ಲ, ಇರುವುದು ಲಸಿಕೆ ಮಾತ್ರ. ಬೆಳ್ಳುಳ್ಳಿ, ಅರಿಸಿನ ತಿನ್ನಿಸಿದರೆ ಕೆಡುಕಿಲ್ಲ, ರೋಗವೂ ಹೋಗುವುದಿಲ್ಲ. ಆದರೆ ಕೆಲವರು ಸೀಮೆಎಣ್ಣೆಯನ್ನೋ ಸಾರಾಯಿಯನ್ನೋ ಕೊಕ್ಕು ತೆರೆದು ಸುರಿಯುತ್ತಾರೆ. ಉಸಿರಿಗೆ ಒದ್ದಾಡುತ್ತಿರುವ ಕೋಳಿಗೆ ಅದು ಶ್ವಾಸನಾಳಕ್ಕೆ ಇಳಿದರೆ ರೋಗ ಕೊಲ್ಲುವ ಮೊದಲು ನಾವೇ ಕೊಂದಂತಾಯಿತು.

ಇನ್ನು ಹಕ್ಕಿಜ್ವರ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2020ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. 2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲೂ ಚಿಕ್ಕಬಳ್ಳಾಪುರದಲ್ಲೂ ಬಂತು. ನಿಮ್ಮ ಜಗಳೂರಿನಿಂದ ಕೂಡ್ಲಿಗಿ ದಾಟಿದರೆ ಸಂಡೂರೇ. ಹಕ್ಕಿಜ್ವರದಲ್ಲಿ ಜುಟ್ಟು ಮತ್ತು ಗದ್ದದ ಜೋಲು ನೇರಳೆಗಟ್ಟುವುದು, ಮುಖ ಊದುವುದು, ಪುಕ್ಕವಿಲ್ಲದ ಕಾಲಿನ ಚರ್ಮದಲ್ಲಿ ರಕ್ತ ಹೆಪ್ಪುಗಟ್ಟಿದಂತೆ ಕೆಂಪು ಮಚ್ಚೆಗಳು, ಎರಡು ಮೂರು ದಿನಗಳಲ್ಲೇ ಗೂಡು ಬರಿದಾಗುವುದು ಸಾಮಾನ್ಯ. ಸುತ್ತಮುತ್ತ ಕಾಗೆ, ಬಾತುಕೋಳಿ, ಕೆರೆಯ ಹಕ್ಕಿಗಳು ಸತ್ತು ಬಿದ್ದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ನಿಮ್ಮಲ್ಲಿ ದಿನಕ್ಕೆ ಒಂದೆರಡರಂತೆ ಸಾವು ಎಳೆದಾಡಿಕೊಂಡು ಬಂದಿರುವುದು, ಬದುಕುಳಿದವಕ್ಕೆ ಕತ್ತು ತಿರುಚಿರುವುದು ಕೊಕ್ಕರೆ ರೋಗವನ್ನೇ ಹೇಳುತ್ತದೆ. ಆದರೂ ಕಣ್ಣಳತೆಯಲ್ಲಿ ಇವೆರಡನ್ನು ನೂರಕ್ಕೆ ನೂರು ಬೇರ್ಪಡಿಸಲು ನನಗೂ ಸಾಧ್ಯವಿಲ್ಲ, ಯಾರಿಗೂ ಸಾಧ್ಯವಿಲ್ಲ. ಹೇಳಬೇಕಾದದ್ದು ಪ್ರಯೋಗಾಲಯ. ಹಕ್ಕಿಜ್ವರದ ಅಂತಿಮ ಮಾತು ಭೋಪಾಲದ ರಾಷ್ಟ್ರೀಯ ಪ್ರಾಣಿರೋಗ ಸಂಸ್ಥೆಯದು.

ಹಾಗಾಗಿ ಮೊದಲ ಕೆಲಸ ಪಶು ಆಸ್ಪತ್ರೆಗೆ ತಿಳಿಸುವುದು. ಹತ್ತಿರದ ಆಸ್ಪತ್ರೆಯ ಸಂಖ್ಯೆ ಗೊತ್ತಿಲ್ಲದಿದ್ದರೆ 1962ಕ್ಕೆ ಕರೆ ಮಾಡಿ. 2009ರ ಕೇಂದ್ರ ಕಾಯ್ದೆಯ ಪ್ರಕಾರ ಈ ಎರಡೂ ರೋಗಗಳನ್ನು ವರದಿ ಮಾಡಲೇಬೇಕು. 'ಹೇಳಿದರೆ ಬಂದು ಎಲ್ಲ ಕೋಳಿ ಕೊಂದುಹಾಕುತ್ತಾರೆ' ಎಂಬ ಹೆದರಿಕೆಯಿಂದ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೊಕ್ಕರೆ ರೋಗಕ್ಕೆ ಇಲಾಖೆಯವರು ಊರಿನ ಕೋಳಿ ಕೊಲ್ಲುವುದಿಲ್ಲ. ಹಕ್ಕಿಜ್ವರ ದೃಢಪಟ್ಟರೆ ಮಾತ್ರ ಸುತ್ತ ಒಂದು ಕಿಲೋಮೀಟರ್ ದೂರದೊಳಗಿನ ಕೋಳಿಗಳನ್ನು ನಾಶಪಡಿಸುತ್ತಾರೆ, ಹಾಗೆ ನಾಶಪಡಿಸಿದವಕ್ಕೆ ಪರಿಹಾರವೂ ಉಂಟು. ಆಗಲೇ ಸತ್ತುಹೋದವಕ್ಕೆ ಪರಿಹಾರವಿಲ್ಲ. ಮುಚ್ಚಿಟ್ಟಷ್ಟೂ ನಷ್ಟ ಮನೆಯವರದ್ದೇ.

ವೈದ್ಯರು ಕೇಳಿದರೆ ಸತ್ತ ಕೋಳಿ ಕೊಡಬೇಕಾಗುತ್ತದೆ. ಸತ್ತು ನಾಲ್ಕೈದು ಗಂಟೆಯೊಳಗಿನದು ಬೇಕು. ಬಿಸಿಲಿಗೆ ಊದಿಕೊಂಡದ್ದು ಕೆಲಸಕ್ಕೆ ಬಾರದು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಎರಡು ಪದರದ ಚೀಲದಲ್ಲಿಟ್ಟು, ಹೊರಗೆ ಮಂಜುಗಡ್ಡೆ ಹಾಕಿ. ಮನೆಯಲ್ಲಿ ಕೊಯ್ದು ನೋಡಬೇಡಿ. ಆಸ್ಪತ್ರೆಯಲ್ಲಿ ಕೊಯ್ದರೆ ಕಾಳು ಅರೆಯುವ ಗಟ್ಟಿ ಜಠರಕ್ಕೆ ಮುಂಚೆ ಬರುವ ಚಿಕ್ಕ ಜಠರವನ್ನು ತೆರೆದು ತೊಳೆಯುತ್ತಾರೆ. ಅದರ ಒಳಗೋಡೆಯ ಗ್ರಂಥಿಗಳ ತುದಿಯಲ್ಲಿ ಸೂಜಿ ಚುಚ್ಚಿದಂತೆ ಕೆಂಪು ಚುಕ್ಕೆಗಳಿದ್ದರೆ ಕೊಕ್ಕರೆ ರೋಗದ ಅನುಮಾನ ಬಲವಾಗುತ್ತದೆ. ಮುಖ ಊದಿ ನೇರಳೆಯಾಗಿ ಸತ್ತ ಕೋಳಿಯನ್ನು ಮಾತ್ರ ಮುಟ್ಟಲೇಬೇಡಿ, ಅವರೇ ಬಂದು ಒಯ್ಯಲಿ.

ಫಲಿತಾಂಶ ಬರುವವರೆಗೆ ಉಳಿದ 11ನ್ನು ಏನು ಮಾಡುವುದು? ತಿರುಗಾಡಲು ಬಿಡಬೇಡಿ. ಕತ್ತು ತಿರುಚಿದ ಎರಡನ್ನು ಬೇರೆ ಮಂಕರಿಯಡಿ ಇಡಿ. ಚೆನ್ನಾಗಿರುವವಕ್ಕೆ ಮೊದಲು ನೀರು ಕಾಳು ಹಾಕಿ, ಕಾಯಿಲೆಯವಕ್ಕೆ ಆಮೇಲೆ. ಗೂಡಿನ ಹತ್ತಿರಕ್ಕೆಂದೇ ಒಂದು ಜೊತೆ ಚಪ್ಪಲಿ ಬೇರೆ ಇಡಿ, ಅದು ಅಂಗಳ ದಾಟಬಾರದು. ಹಿಕ್ಕೆ ಅಂಟಿದ ಚಪ್ಪಲಿ ಕೊಕ್ಕರೆ ರೋಗವನ್ನು ಓಣಿಯಿಂದ ಓಣಿಗೆ ಕೊಂಡೊಯ್ಯುತ್ತದೆ. ಪಂಜರ, ಚೀಲ, ಸೈಕಲ್ಲಿನ ಚಕ್ರ ಕೂಡ ಹಾಗೆಯೇ. ನೀರಿಗೆ ಬೆಲ್ಲ ಮತ್ತು ಚಿಟಿಕೆ ಉಪ್ಪನ್ನೋ ಅಂಗಡಿಯ ಎಲೆಕ್ಟ್ರೊಲೈಟ್ ಪುಡಿಯನ್ನೋ ಬೆರೆಸಿ ಕೊಟ್ಟರೆ ಬಲ ಬರುತ್ತದೆ. ಕತ್ತು ತಿರುಚಿದವು ಕೆಲವೊಮ್ಮೆ ಬದುಕುತ್ತವೆ, ಆದರೆ ತಾವಾಗಿ ಕುಡಿಯಲಾರವು, ಹೊತ್ತುಹೊತ್ತಿಗೆ ಹಿಡಿದು ಕುಡಿಸಬೇಕು. ಕತ್ತು ಸೊಟ್ಟಗೇ ಉಳಿಯಬಹುದು. ವೈದ್ಯರು ನೋಡಿದ ಮೇಲೆ ಅವೆರಡಕ್ಕೆ ಮುಕ್ತಿ ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಅವು ಬದುಕಿದರೂ ವಾರಗಟ್ಟಲೆ ವೈರಾಣು ಚೆಲ್ಲುತ್ತಿರುತ್ತವೆ.

ತಿನ್ನಬಹುದೇ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಕೇಳಿಯೇ ಇರುತ್ತಾರೆ. ಕೊಕ್ಕರೆ ರೋಗದ ವೈರಾಣು ಮನುಷ್ಯರಿಗೆ ದೊಡ್ಡ ತೊಂದರೆ ಕೊಡುವುದಿಲ್ಲ, ಕಣ್ಣಿಗೆ ತಗುಲಿದರೆ ಕೆಲದಿನ ಕಣ್ಣು ಕೆಂಪಾಗುತ್ತದೆ. ಆದರೆ ಅದು ಹಕ್ಕಿಜ್ವರವಲ್ಲ ಎಂದು ಗೊತ್ತಾಗುವವರೆಗೆ ಕಾಯಿಲೆಯ ಕೋಳಿಯನ್ನು ಕೊಯ್ಯುವುದು, ಪುಕ್ಕ ಕೀಳುವುದು ಕೂಡದು. ಹಕ್ಕಿಜ್ವರ ಜನರಿಗೆ ಅಂಟುವುದು ಹೆಚ್ಚಾಗಿ ಈ ಕೆಲಸದಲ್ಲೇ. ಚೆನ್ನಾಗಿ ಬೇಯಿಸಿದರೆ ವೈರಾಣು ಸಾಯುತ್ತದೆ ನಿಜ, ಆದರೆ ಒಲೆಯ ತನಕ ತರುವ ಕೈ ನಿಮ್ಮದೇ ತಾನೇ. ಸತ್ತವನ್ನು ಹಳ್ಳಕ್ಕೋ ತಿಪ್ಪೆಗೋ ಎಸೆದರೆ ನಾಯಿ, ಕಾಗೆಗಳು ಮುಂದಿನ ಕೆಲಸ ಮಾಡಿಕೊಡುತ್ತವೆ. ಬಾವಿ, ಕೊಳವೆಬಾವಿಯಿಂದ ದೂರ ಮೂರಡಿಗಿಂತ ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ.

ಈಗ ನಿಮ್ಮ ಅಕ್ಕನ ಮನೆಯ ಕೋಳಿಗಳ ವಿಷಯಕ್ಕೆ ಬರುತ್ತೇನೆ. ಜುಟ್ಟು, ಗದ್ದದ ಜೋಲು, ಕಣ್ಣ ರೆಪ್ಪೆಯ ಮೇಲೆ ಗಂಟು ಎದ್ದು, ಒಣಗಿ ಕಪ್ಪು ಹೆಕ್ಕಳೆಯಾದರೆ ಅದು ಕೋಳಿ ಸಿಡುಬು. ಇದೂ ವೈರಾಣುವಿನದ್ದೇ, ಆದರೆ ಸ್ವಭಾವ ಬೇರೆ. ಸೊಳ್ಳೆ ಇದನ್ನು ಕೋಳಿಯಿಂದ ಕೋಳಿಗೆ ದಾಟಿಸುತ್ತದೆ. ನಿಧಾನವಾಗಿ ಹರಡುತ್ತದೆ, ಮೂರು ನಾಲ್ಕು ವಾರಗಳಲ್ಲಿ ತಾನಾಗಿ ಒಣಗಿ ಉದುರುತ್ತದೆ, ಸಾವು ಕಡಿಮೆ. ಕೊಲ್ಲುವುದು ಹೆಚ್ಚಾಗಿ ಹಸಿವು, ಯಾಕೆಂದರೆ ಎರಡೂ ಕಣ್ಣು ಮುಚ್ಚಿಕೊಂಡ ಕೋಳಿ ಕಾಳು ಕಾಣದೆ ಉಪವಾಸ ಬೀಳುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತಿ ಅದ್ದಿ ಕಣ್ಣು ಬಿಡಿಸಿ, ಹೆಕ್ಕಳೆಗೆ ಪೊವಿಡೋನ್ ಅಯೋಡಿನ್ ಹಚ್ಚಿ, ಕೊಕ್ಕಿಗೆ ಹತ್ತಿರ ಕಾಳು ನೀರು ಹಿಡಿಯಲಿ. ಹೆಕ್ಕಳೆಯನ್ನು ಕಿತ್ತು ತೆಗೆಯುವುದು ಬೇಡ, ರಕ್ತ ಬಂದು ಇನ್ನಷ್ಟು ಹರಡುತ್ತದೆ. ಬಾಯಿಯೊಳಗೆ, ಗಂಟಲಲ್ಲಿ ಹಳದಿ ಪೊರೆ ಕಟ್ಟಿದ್ದರೆ ಮಾತ್ರ ಗಂಭೀರ. ಉಸಿರು ಕಟ್ಟಿ ಸಾಯಬಹುದು. ಸಿಡುಬಿನಲ್ಲಿ ಒಂದು ಅನುಕೂಲವುಂಟು. ರೋಗ ಮನೆ ಹೊಕ್ಕ ಮೇಲೂ ಇನ್ನೂ ಗಂಟು ಏಳದ ಕೋಳಿಗಳಿಗೆ ಲಸಿಕೆ ಹಾಕಿಸಿದರೆ ಅವುಗಳಲ್ಲಿ ಹೆಚ್ಚಿನವನ್ನು ಉಳಿಸಿಕೊಳ್ಳಬಹುದು. ಅಕ್ಕನವರು ನಾಳೆಯೇ ಆಸ್ಪತ್ರೆಗೆ ಹೋಗಲಿ.

ಕೋಳಿ ಸತ್ತ ಮಾತ್ರಕ್ಕೆ ಎಲ್ಲವೂ ಕೊಕ್ಕರೆ ರೋಗವಲ್ಲ ಎಂಬುದಕ್ಕೆ ಇನ್ನೂ ಕೆಲವು ಉದಾಹರಣೆ ಹೇಳಬೇಕು. ಮೂರರಿಂದ ಆರು ವಾರದ ಪಿಳ್ಳೆಗಳು ಮಾತ್ರ ಸಾಯುತ್ತಿದ್ದು, ದೊಡ್ಡವು ಸುಖವಾಗಿದ್ದು, ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ, ಕಾಕ್ಸಿಡಿಯೋಸಿಸ್. ಮಳೆಗಾಲದ ರೋಗ. ನೆಲ ಒದ್ದೆಯಾಗಿ ಗೂಡಿನ ಹೊಟ್ಟು ಉಂಡೆಗಟ್ಟಿದರೆ ಬಂತೆಂದೇ ಲೆಕ್ಕ. ಇದಕ್ಕೆ ಔಷಧ ಉಂಟು, ಬೇಗ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಶೇಕಡಾ 20ರ ಆಂಪ್ರೋಲಿಯಂ ಪುಡಿಯನ್ನು ಲೀಟರ್ ನೀರಿಗೆ 1.2 ಗ್ರಾಂನಂತೆ ಬೆರೆಸಿ ಮೂರರಿಂದ ಐದು ದಿನ ಕೊಡಬೇಕು. ಆ ದಿನಗಳಲ್ಲಿ ಬೇರೆ ನೀರು ಸಿಗಬಾರದು. ಒಂದು ಎಚ್ಚರಿಕೆ: ಅದೇ ಹೊತ್ತಿಗೆ 'ಶಕ್ತಿ ಬರಲಿ' ಎಂದು ಬಿ ಕಾಂಪ್ಲೆಕ್ಸ್ ಟಾನಿಕ್ ಹಾಕುವ ರೂಢಿ ನಮ್ಮಲ್ಲಿದೆ. ಆಂಪ್ರೋಲಿಯಂ ಕೆಲಸ ಮಾಡುವುದೇ ರೋಗಾಣುವಿಗೆ ಬಿ1 ಜೀವಸತ್ವ ಸಿಗದಂತೆ ಮಾಡಿ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಗುತ್ತದೆ. ಟಾನಿಕ್ ಏನಿದ್ದರೂ ಔಷಧ ಮುಗಿದ ಮೇಲೆ.

ಮುಖದ ಒಂದು ಕಡೆ ಊದಿ, ಮೂಗಿನಿಂದ ದುರ್ವಾಸನೆಯ ಸಿಂಬಳ ಸುರಿದು, ಸಾವು ಮಾತ್ರ ಕಡಿಮೆಯಿದ್ದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಸಾಂಕ್ರಾಮಿಕ ನೆಗಡಿ. ಅದಕ್ಕೆ ವೈದ್ಯರು ಬರೆದುಕೊಟ್ಟ ಆಂಟಿಬಯೋಟಿಕ್ ಉಪಯೋಗಕ್ಕೆ ಬರುತ್ತದೆ. ಎರಡರಿಂದ ಐದು ತಿಂಗಳ ಕೋಳಿ ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿ ಮಲಗಿ ದಿನೇ ದಿನೇ ಬಡವಾದರೆ ಮಾರೆಕ್ಸ್ ರೋಗವಿರಬಹುದು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹಳೆಯ ಮಣ್ಣುಗೋಡೆಯ ಮನೆಗಳಲ್ಲಿ ಕೋಳಿ ಉಣ್ಣೆ ಎಂಬ ಹುಳವನ್ನೂ ಮರೆಯಬಾರದು. ಹಗಲು ಗೋಡೆಯ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಕೋಳಿಯ ಮೈ ಹುಡುಕಿದರೆ ಹಗಲಲ್ಲಿ ಏನೂ ಸಿಗದು. ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಬಿರುಕುಗಳನ್ನು ನೋಡಿ. ಬಿಳಿಚಿದ ಜುಟ್ಟು, ಕಾಲು ಸೋತು ಕೂರುವುದು ಅದರ ಗುರುತು.

ಜೂನ್‌ನಲ್ಲಿ ಮೆಕ್ಕೆಜೋಳ ಬಿತ್ತುವ ವಾರಗಳಲ್ಲಿ ಬರುವ ಸಾವುಗಳ ಬಗ್ಗೆಯೂ ಒಂದು ಮಾತು. ಬೆಳಿಗ್ಗೆ ಚೆನ್ನಾಗಿದ್ದ ಕೋಳಿಗಳು ಸಂಜೆಗೆ ಒಟ್ಟಿಗೆ ಸತ್ತಿವೆ, ಕತ್ತಿನ ಬುಡದ ಕಾಳಿನ ಚೀಲ ತುಂಬಿಕೊಂಡಿದೆ, ಅದರಲ್ಲಿ ಗುಲಾಬಿ ಬಣ್ಣದ ಕಾಳು ಸಿಕ್ಕಿತು ಎಂದರೆ ಅದು ಔಷಧ ಲೇಪಿಸಿದ ಬಿತ್ತನೆ ಬೀಜ. ರೋಗವಲ್ಲ, ವಿಷ. ರೋಗದ ಕೋಳಿ ಹೊಟ್ಟೆ ತುಂಬ ತಿಂದು ಸಾಯುವುದು ಅಪರೂಪ. ಹಾಗೆಯೇ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಬಾಯಿ ತೆರೆದು ರೆಕ್ಕೆ ಅಗಲಿಸಿ ನಿಂತ ಕೋಳಿಗೆಲ್ಲ ಕೊಕ್ಕರೆ ರೋಗ ಬಂದಿಲ್ಲ. ನೆರಳಿಗೆ ತಂದು ತಣ್ಣೀರು ಕೊಟ್ಟು, ಸಂಜೆ ತಂಪಾದ ಮೇಲೆ ಮತ್ತೆ ನೋಡಿ. ಆಗಲೂ ಏದುಸಿರು ನಿಲ್ಲದಿದ್ದರೆ ಚಿಂತಿಸಿ.

ಅಂಗಡಿಯ ಆಂಟಿಬಯೋಟಿಕ್‌ಗಳ ಮೇಲೆ ನನಗೆ ಸಿಟ್ಟಿರುವುದು ಅವು ಕೆಲಸ ಮಾಡುವುದಿಲ್ಲ ಎಂಬ ಒಂದೇ ಕಾರಣಕ್ಕಲ್ಲ. ಹಿತ್ತಲ ಕೋಳಿಯ ಮೊಟ್ಟೆಯನ್ನು ಮನೆಯ ಮಕ್ಕಳೇ ತಿನ್ನುತ್ತಾರೆ. ಔಷಧ ಕೊಟ್ಟ ಮೇಲೆ ಇಂತಿಷ್ಟು ದಿನ ಮೊಟ್ಟೆ ಮಾಂಸ ತಿನ್ನಬಾರದೆಂಬ ಲೆಕ್ಕ ಪ್ರತಿ ಔಷಧಕ್ಕೂ ಇದೆ. ಅದನ್ನು ಕೌಂಟರಿನ ಆಚೆ ನಿಂತವರು ಹೇಳಿದ್ದನ್ನು ನಾನು ಕೇಳಿಲ್ಲ. ಮೊಟ್ಟೆ ಇಡುವ ಹೇಂಟೆಗೆ ಕೊಡಬಾರದ ಎನ್ರೋಫ್ಲಾಕ್ಸಸಿನ್ ಸಲೀಸಾಗಿ ಕೈಗೆ ಬರುತ್ತದೆ. ಮನುಷ್ಯರಿಗೆ ಬೇರೆ ಯಾವ ಔಷಧವೂ ನಾಟದಾಗ ಕೊಡುವ ಕೊಲಿಸ್ಟಿನ್ ಎಂಬುದನ್ನು ಕೋಳಿಗೆ ಸುರಿಯುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸದಂತೆ ನಿಷೇಧಿಸಿತು. ನಿಮ್ಮ ಹಳದಿ ಪುಡಿಯ ಪೊಟ್ಟಣ ಎಸೆಯದೆ ವೈದ್ಯರಿಗೆ ತೋರಿಸಿ, ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಅವರು ಹೇಳುತ್ತಾರೆ.

ಇನ್ನು ಲಸಿಕೆ. ಇಷ್ಟು ಹೊತ್ತು ಹೇಳಿದ್ದೆಲ್ಲ ಮನೆಗೆ ಬೆಂಕಿ ಬಿದ್ದ ಮೇಲಿನ ಮಾತು. ಕೊಕ್ಕರೆ ರೋಗಕ್ಕೆ ಒಳ್ಳೆಯ ಲಸಿಕೆ ದಶಕಗಳಿಂದ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ, ಪಶು ಆಸ್ಪತ್ರೆಗಳಿಗೆ ಬರುತ್ತದೆ. ಪಿಳ್ಳೆಗೆ ಐದರಿಂದ ಏಳು ದಿನವಾದಾಗ ಎಫ್ ಅಥವಾ ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೆ ಅಥವಾ ಮೂಗಿನ ಹೊಳ್ಳೆಗೆ. ನಾಲ್ಕನೆಯ ವಾರದಲ್ಲಿ ಲಸೋಟಾ ಮತ್ತೊಂದು ಹನಿ. ಆರರಿಂದ ಎಂಟು ವಾರ ತುಂಬಿದ ಮೇಲೆ ಆರ್2ಬಿ ಎಂಬ ಲಸಿಕೆ, ರೆಕ್ಕೆಯ ಕೆಳಗೆ ಚರ್ಮದಡಿ ಅರ್ಧ ಮಿಲಿಲೀಟರ್ ಚುಚ್ಚುಮದ್ದು. ಆರ್2ಬಿ ಬಲವಾದ ಲಸಿಕೆ, ಆರು ವಾರದೊಳಗಿನ ಪಿಳ್ಳೆಗೆ ಕೊಟ್ಟರೆ ಲಸಿಕೆಯೇ ರೋಗವಾಗುತ್ತದೆ. ದೊಡ್ಡವಕ್ಕೂ ಒಂದೆರಡು ದಿನ ಮಂಕು, ಕುಂಟು, ಮೊಟ್ಟೆ ಕಡಿಮೆ ಆಗಬಹುದು, ಗಾಬರಿಯಾಗಬೇಡಿ. ಅದಾದ ಒಂದೆರಡು ವಾರಕ್ಕೆ ಸಿಡುಬಿನ ಲಸಿಕೆ ಹಾಕಿಸಬಹುದು. ಮುಂದೆ ಎಷ್ಟು ತಿಂಗಳಿಗೊಮ್ಮೆ ಎಂಬುದನ್ನು ಸುತ್ತಲಿನ ರೋಗ ನೋಡಿ ವೈದ್ಯರು ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಸಂಕ್ರಾಂತಿ ಮತ್ತು ಶಿವರಾತ್ರಿಯ ನಡುವೆ ಒಮ್ಮೆ ಹಾಕಿಸಿಕೊಂಡರೆ ಬೇಸಿಗೆಯ ರೋಗಕ್ಕೆ ಮುಂಚೆ ಮೈ ಗಟ್ಟಿಯಾಗಿರುತ್ತದೆ. ಒಂದು ವಾರ ಮುಂಚೆ ಜಂತುಹುಳದ ಔಷಧ ಕುಡಿಸಿ, ಹೊಟ್ಟೆ ತುಂಬ ಹುಳುವಿರುವ ಕೋಳಿಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ.

ಹಾಗಿದ್ದರೂ ಹಿತ್ತಲ ಕೋಳಿಗಳು ಲಸಿಕೆಯಿಲ್ಲದೆ ಯಾಕೆ ಸಾಯುತ್ತಿವೆ? ಜನರಿಗೆ ತಿಳಿವಳಿಕೆ ಇಲ್ಲ ಎಂದು ಭಾಷಣದಲ್ಲಿ ಹೇಳುವುದು ಸುಲಭ. ನಿಜವಾದ ತೊಡಕು ಸೀಸೆಯಲ್ಲಿದೆ. ಲಸಿಕೆಯ ಸೀಸೆ 100, 200, 500, 1000 ಕೋಳಿಗಳ ಲೆಕ್ಕದಲ್ಲಿ ಬರುತ್ತದೆ. ಒಳಗಿನ ಒಣ ಬಿಲ್ಲೆಯನ್ನು ದ್ರವದಲ್ಲಿ ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ನಿಮ್ಮ 30 ಕೋಳಿಗೆಂದು 100ರ ಸೀಸೆ ಒಡೆಯಲು ಆಸ್ಪತ್ರೆಯವರು ಹಿಂದೆಮುಂದೆ ನೋಡುತ್ತಾರೆ, ನೀವೂ ಬರಿಗೈಯಲ್ಲಿ ಮರಳುತ್ತೀರಿ. ಎಂಟು ಹತ್ತು ಮನೆಯವರು ಸೇರಿದರೆ ಸೀಸೆ ಸಾಲದೆ ಬರುತ್ತದೆ. ನಿಮ್ಮ ಓಣಿಯಲ್ಲಿ ಸ್ತ್ರೀಶಕ್ತಿ ಸಂಘವಿದ್ದರೆ ಈ ಕೆಲಸ ಅಲ್ಲಿಗೆ ಹಾಕಿ. ಯಾರ ಮನೆಯಲ್ಲಿ ಎಷ್ಟು ಕೋಳಿ, ಎಷ್ಟು ಪಿಳ್ಳೆ ಎಂದು ಒಂದು ಹಾಳೆಯಲ್ಲಿ ಬರೆದು ಆಸ್ಪತ್ರೆಗೆ ಕೊಟ್ಟು ದಿನ ಗೊತ್ತು ಮಾಡಿಕೊಳ್ಳಿ. ಒಂದು ಮನೆಗೆ ಹಾಕಿ ಪಕ್ಕದ ಮನೆ ಬಿಟ್ಟರೆ ಅಲ್ಲಿ ರೋಗ ಹೊತ್ತಿಕೊಂಡೇ ಇರುತ್ತದೆ, ಓಣಿಯ ಕೋಳಿಗಳೆಲ್ಲ ಮೇಯುವುದು ಒಂದೇ ತಿಪ್ಪೆಯಲ್ಲಿ.

ಲಸಿಕೆ ತರುವವರು ಬರಿ ಕೈಚೀಲ ಹಿಡಿದು ಹೋಗಬಾರದು. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿರಬೇಕಾದ ವಸ್ತು ಅದು. ಅಗಲ ಬಾಯಿಯ ಥರ್ಮಾಸ್‌ಗೆ ಮಂಜುಗಡ್ಡೆ ತುಂಬಿ, ಕರಗಿಸುವ ದ್ರವವನ್ನೂ ಅದರಲ್ಲೇ ಇಟ್ಟು ತನ್ನಿ. ಜಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿ ಬಂದ ಲಸಿಕೆ ಬಣ್ಣದ ನೀರಿಗೆ ಸಮ. ಕೋಳಿಗಳನ್ನು ಹಿಂದಿನ ರಾತ್ರಿಯೇ ಮಂಕರಿಯಡಿ ಮುಚ್ಚಿಟ್ಟಿದ್ದು, ಬೆಳಕು ಹರಿಯುವ ಮೊದಲು ಶುರುಮಾಡಿ. ಬಿಟ್ಟ ಮೇಲೆ ಹಿಡಿಯಲು ಓಡಿದರೆ ಎರಡು ಗಂಟೆ ಅದರಲ್ಲೇ ಕಳೆಯುತ್ತದೆ. ಹನಿ ಹಾಕುವಾಗ ಪಿಳ್ಳೆಯ ತಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಅಡ್ಡ ಹಿಡಿದು, ಹನಿ ಹಾಕುವ ಕೊಳವೆಯ ತುದಿ ಕಣ್ಣಿಗೆ ತಾಗದಂತೆ ಮೇಲಿನಿಂದ ಒಂದು ಹನಿ ಬಿಡಿ. ಕೂಡಲೇ ನೆಲಕ್ಕೆ ಬಿಡಬೇಡಿ. ಹನಿ ಕಣ್ಣಿನ ಮೇಲೆ ಮುತ್ತಿನಂತೆ ನಿಂತಿರುತ್ತದೆ, ಪಿಳ್ಳೆ ಒಮ್ಮೆ ರೆಪ್ಪೆ ಬಡಿದ ಮೇಲೆ ಒಳಕ್ಕೆ ಇಳಿಯುತ್ತದೆ. ಅಷ್ಟು ಹೊತ್ತು ಹಿಡಿದಿರಬೇಕು. ತಲೆ ಕೊಡವಿ ಹನಿ ಬಿದ್ದುಹೋದರೆ ಇನ್ನೊಂದು ಹಾಕಿ. ನೀರಿನಲ್ಲಿ ಬೆರೆಸಿ ಕೊಡುವ ಪದ್ಧತಿಯೂ ಇದೆ, ಆದರೆ ನಲ್ಲಿಯ ಕ್ಲೋರಿನ್ ನೀರು ಲಸಿಕೆಯನ್ನು ಕೊಲ್ಲುತ್ತದೆ, ಯಾವ ಕೋಳಿ ಎಷ್ಟು ಕುಡಿಯಿತೆಂದೂ ತಿಳಿಯುವುದಿಲ್ಲ. ಹಿತ್ತಲ ಕೋಳಿಗೆ ಹನಿಯೇ ಸರಿ.

ನಿಮ್ಮಲ್ಲಿ ಈಗ ಉಳಿದ 11ಕ್ಕೆ ಲಸಿಕೆ ಹಾಕಬೇಕೇ ಎಂಬುದನ್ನು ವೈದ್ಯರು ನೋಡಿ ನಿರ್ಧರಿಸಲಿ. ಈಗಾಗಲೇ ವೈರಾಣು ಹೊಕ್ಕ ಕೋಳಿಯನ್ನು ಲಸಿಕೆ ಉಳಿಸುವುದಿಲ್ಲ, ಹಾಕಿದ ಮರುದಿನ ಸತ್ತರೆ ಊರೆಲ್ಲ 'ಲಸಿಕೆಯಿಂದ ಸತ್ತಿತು' ಎಂದಾಗುತ್ತದೆ. ಇನ್ನೂ ರೋಗ ಮುಟ್ಟದ ಅಕ್ಕಪಕ್ಕದ ಮನೆಗಳ ಕೋಳಿಗಳಿಗೆ ಮಾತ್ರ ತಡಮಾಡದೆ ಹಾಕಿಸಿ. ಲಸಿಕೆ ಹಾಕುವವರು ಆ ಮನೆಗಳನ್ನು ಮುಗಿಸಿದ ಮೇಲೆ ಕೊನೆಗೆ ನಿಮ್ಮ ಮನೆಗೆ ಬರಬೇಕು, ನಿಮ್ಮಲ್ಲಿಂದ ಬೇರೆ ಮನೆಗೆ ಹೋಗಬಾರದು.

ಗೂಡನ್ನು ಶುಚಿ ಮಾಡುವಾಗ ಮೊದಲು ಹಿಕ್ಕೆ, ಹೊಟ್ಟು, ಮೇಲ್ಮಣ್ಣು ಕೆರೆದು ತೆಗೆದು ಹೂಳಿ. ಹಿಕ್ಕೆಯ ಮೇಲೆಯೇ ಬ್ಲೀಚಿಂಗ್ ಪುಡಿ ಚೆಲ್ಲಿದರೆ ಅದರ ಶಕ್ತಿ ಹಿಕ್ಕೆಗೇ ಮುಗಿದುಹೋಗುತ್ತದೆ. ಬಳಿಕ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಸುಣ್ಣ ಬಳಿದು, ಬಾಗಿಲು ತೆರೆದು ಬಿಸಿಲಿಗೆ ಬಿಡಿ. ಬಿಸಿಲಿಗೆ ಈ ವೈರಾಣು ಬೇಗ ಸಾಯುತ್ತದೆ, ನೆರಳಿನ ಒದ್ದೆ ಹಿಕ್ಕೆಯಲ್ಲಿ ವಾರಗಟ್ಟಲೆ ಬದುಕಿರುತ್ತದೆ. ಬಿಸಿಲಿಗಂತೂ ನಮ್ಮ ಸೀಮೆಯಲ್ಲಿ ಬಡತನವಿಲ್ಲ.

ಕಾವಿಗೆ ಕೂತ ಹೇಂಟೆಯ ಮೊಟ್ಟೆಗಳನ್ನು ಹೂಳಿಬಿಡಿ ಎಂದು ಹೇಳಬೇಕಾಗಿದೆ. ರೋಗವಿದ್ದಾಗ ಇಟ್ಟ ಮೊಟ್ಟೆಯ ಚಿಪ್ಪಿಗೆ ಹಿಕ್ಕೆ ಅಂಟಿರುತ್ತದೆ, ಮರಿಯಾದರೂ ಅದು ಕಣ್ಣು ಬಿಡುವುದು ವೈರಾಣು ತುಂಬಿದ ಹಿತ್ತಲಿನಲ್ಲಿ. ಕೊನೆಯ ಕೋಳಿ ಸತ್ತ ಅಥವಾ ಚೇತರಿಸಿಕೊಂಡ ದಿನದಿಂದ ಒಂದೂವರೆ ಎರಡು ತಿಂಗಳು ಹೊಸ ಕೋಳಿ ತರಬೇಡಿ, ಮೊಟ್ಟೆ ಕೂರಿಸಬೇಡಿ. ಆಮೇಲೆ ತರುವಾಗ ಸಂತೆ ಬಿಟ್ಟು, ಮೊದಲ ಲಸಿಕೆಗಳು ಬಿದ್ದಿರುವ ಮರಿಗಳನ್ನು ಇಲಾಖೆಯ ಕೋಳಿ ಸಾಕಾಣಿಕಾ ಕೇಂದ್ರದಿಂದಲೋ ಗೊತ್ತಿರುವ ಸಾಕಣೆಗಾರರಿಂದಲೋ ತನ್ನಿ. ಎಲ್ಲಿ ಸಿಗುತ್ತವೆಂದು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು, ಅಕ್ಕನವರಿಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಹತ್ತಿರವಾಗುತ್ತದೆ. ತಂದವನ್ನು ಎರಡು ಮೂರು ವಾರ ಮನೆಯ ಬೇರೆ ಮೂಲೆಯಲ್ಲಿ, ಬೇರೆ ನೀರಿನ ಬಟ್ಟಲಿನಲ್ಲಿ ಇಟ್ಟು ನೋಡಿ ಆಮೇಲೆ ಹಳೆಯವುಗಳ ಜೊತೆ ಸೇರಿಸಿ. ಮುಂದಿನ ಕರಿಗೆ ಸಂತೆಯ ಕೋಳಿಯೇ ಬೇಕೆಂದರೆ ತಂದ ದಿನವೇ ಕೊಯ್ಯಿರಿ, ಅದು ಎಷ್ಟೇ ಮೊಟ್ಟೆ ಇಡುವಂತೆ ಕಂಡರೂ ಹಿತ್ತಲಿಗೆ ಬಿಡಬೇಡಿ.